ಒಳಗೆ ಬರುವ ಡೀಸೆಲ್, ಹೊರಗೆ ಹೋಗುವ ವಿದ್ಯುತ್: ನೇಪಾಳದ ಇಂಧನ ಲೆಕ್ಕ

ನೇಪಾಳದಲ್ಲಿ ಕಚ್ಚಾತೈಲದ ಉತ್ಪಾದನೆ ಇಲ್ಲ, ಸಂಸ್ಕರಣಾಗಾರ ಇಲ್ಲ, ಹಡಗು ಬಂದು ನಿಲ್ಲಲು ಕಡಲೂ ಇಲ್ಲ. ಅಲ್ಲಿ ಉರಿಯುವ ಪ್ರತಿ ಲೀಟರ್ ಪೆಟ್ರೋಲ್, ಡೀಸೆಲ್, ವಿಮಾನ ಇಂಧನ, ಪ್ರತಿ ಸಿಲಿಂಡರ್ ಅಡುಗೆ ಅನಿಲ ಹೊರಗಿನಿಂದಲೇ ಬರಬೇಕು. ಮಾರುವವರು ಒಬ್ಬರೇ, ಇಂಡಿಯನ್ ಆಯಿಲ್ ಕಾರ್ಪೊರೇಷನ್. ಕೊಳ್ಳುವವರೂ ಒಬ್ಬರೇ, ಸರ್ಕಾರಿ ಸ್ವಾಮ್ಯದ ನೇಪಾಳ ಆಯಿಲ್ ಕಾರ್ಪೊರೇಷನ್. 1974ರಿಂದ ಈ ಏರ್ಪಾಡು ನಡೆದುಬಂದಿದೆ. ಇದೇ ದೇಶ ಮಳೆಗಾಲದಲ್ಲಿ ಬಿಹಾರದ ಗಡಿ ದಾಟಿಸಿ ಭಾರತಕ್ಕೆ ನೂರಾರು ಮೆಗಾವ್ಯಾಟ್ ವಿದ್ಯುತ್ ಮಾರುತ್ತದೆ, ಚಳಿಗಾಲ ಬಂದಾಗ ಅದೇ ತಂತಿಯಲ್ಲಿ ವಾಪಸು ಕೊಳ್ಳುತ್ತದೆ.

ಇಂಧನ ಭದ್ರತೆಯ ಚರ್ಚೆ ನಮ್ಮಲ್ಲಿ ಹೆಚ್ಚಾಗಿ ‘ನೂರಕ್ಕೆ ಎಷ್ಟು ಆಮದು’ ಎಂಬ ಒಂದೇ ಅಂಕಿಗೆ ಬಂದು ನಿಲ್ಲುತ್ತದೆ. ಆ ಅಂಕಿಯಿಂದ ತಿಳಿಯುವುದು ಕಡಿಮೆ. ಸಿಂಗಪುರ ಬಹುತೇಕ ಎಲ್ಲ ಇಂಧನವನ್ನೂ ಹೊರಗಿನಿಂದ ತರಿಸುತ್ತದೆ, ಅಲ್ಲಿ ಪೆಟ್ರೋಲ್ ಬಂಕಿನ ಮುಂದೆ ಸಾಲು ನಿಲ್ಲುವುದಿಲ್ಲ. ಕೇಳಬೇಕಾದ ಪ್ರಶ್ನೆಗಳು ಬೇರೆ. ಸರಕು ಎಷ್ಟು ದಾರಿಗಳಲ್ಲಿ ಬರುತ್ತದೆ? ದಾರಿ ಮುಚ್ಚಿದರೆ ಎಷ್ಟು ದಿನ ತಡೆಯಬಹುದು? ಮಾರುವವನಿಗೆ ನಮ್ಮಿಂದಲೂ ಏನಾದರೂ ಬೇಕಾಗಿದೆಯೇ? ತೈಲದ ವಿಷಯದಲ್ಲಿ ನೇಪಾಳಕ್ಕೆ ಈ ಮೂರಕ್ಕೂ ಒಳ್ಳೆಯ ಉತ್ತರವಿಲ್ಲ. ವಿದ್ಯುತ್ತಿನ ವಿಷಯದಲ್ಲಿ ಕಳೆದ ಹತ್ತು ವರ್ಷಗಳಲ್ಲಿ ಕೆಲವು ಉತ್ತರಗಳು ಸಿಕ್ಕಿವೆ. ಒಂದೇ ದೇಶದ ಈ ಎರಡು ಅವಲಂಬನೆಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ, ನೆರೆಹೊರೆಯ ಸಹಕಾರ ಯಾವಾಗ ಭದ್ರತೆ ಕೊಡುತ್ತದೆ, ಯಾವಾಗ ಕೊಡುವುದಿಲ್ಲ ಎಂಬುದು ಸ್ಪಷ್ಟವಾಗುತ್ತದೆ.

2015ರಲ್ಲಿ ನಿಂತುಹೋದದ್ದೇನು

2015ರ ಸೆಪ್ಟೆಂಬರ್ 20ರಂದು ನೇಪಾಳ ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ಭಾರತದ ಗಡಿಗೆ ಹೊಂದಿದ ತರಾಯಿ ಬಯಲಿನ ಮಧೇಶಿ ಪಕ್ಷಗಳು ಅದನ್ನು ವಿರೋಧಿಸಿ ಗಡಿಯಲ್ಲಿ ಧರಣಿ ಕೂತವು. ಬೀರ್‌ಗಂಜ್–ರಕ್ಸೌಲ್ ನಡುವಿನ ಸೇತುವೆ ಬಂದ್ ಆಯಿತು. ಇದು ಭಾರತದ ಅಘೋಷಿತ ದಿಗ್ಬಂಧನ ಎಂದು ಕಠ್ಮಂಡು ಹೇಳಿತು, ನೇಪಾಳದೊಳಗಿನ ಚಳವಳಿಯಿಂದಾಗಿ ಲಾರಿಗಳು ಹೋಗಲಾಗುತ್ತಿಲ್ಲ ಎಂದು ದೆಹಲಿ ಹೇಳಿತು. ಯಾರು ಸರಿ ಎಂಬ ವಾದ ಇಂದಿಗೂ ಮುಗಿದಿಲ್ಲ. ಇಂಧನದ ದೃಷ್ಟಿಯಿಂದ ಗಮನಿಸಬೇಕಾದದ್ದು ಬೇರೆ: ದೇಶದ ಇಂಧನದ ದೊಡ್ಡ ಪಾಲು ಆ ಒಂದು ಗಡಿದಾಟಿನ ಮೇಲೆ, ಟ್ಯಾಂಕರ್ ಲಾರಿಗಳಲ್ಲಿ ಬರುತ್ತಿತ್ತು. 2016ರ ಫೆಬ್ರುವರಿಯವರೆಗೆ ಅದು ಸರಿಯಾಗಿ ತೆರೆಯಲಿಲ್ಲ.

ದಾಸ್ತಾನು ದಿನಗಳ ಲೆಕ್ಕದಲ್ಲಿತ್ತು, ಬಿಕ್ಕಟ್ಟು ತಿಂಗಳುಗಳ ಲೆಕ್ಕದಲ್ಲಿ ಬಂತು. ಮೊದಲು ಖಾಸಗಿ ವಾಹನಗಳಿಗೆ ಪೆಟ್ರೋಲ್ ನಿಂತಿತು. ವಿದೇಶಿ ವಿಮಾನಗಳಿಗೆ ಕಠ್ಮಂಡುವಿನಲ್ಲಿ ಇಂಧನ ತುಂಬುವುದನ್ನು ನಿಲ್ಲಿಸಿದರು, ಅವು ಬೇರೆ ದೇಶದಲ್ಲಿ ತುಂಬಿಸಿಕೊಂಡು ಬರಬೇಕಾಯಿತು. 14.2 ಕೆ.ಜಿ.ಯ ಅಡುಗೆ ಅನಿಲದ ಸಿಲಿಂಡರನ್ನು ಅರ್ಧ ತುಂಬಿಸಿ, 7.1 ಕೆ.ಜಿ.ಯಂತೆ ಹಂಚಿದರು. ರಾಜಧಾನಿಯಲ್ಲಿ ಸರ್ಕಾರವೇ ಸೌದೆ ಮಾರಿತು. ಜನ ಇಂಡಕ್ಷನ್ ಒಲೆ ಕೊಳ್ಳಲು ಮುಗಿಬಿದ್ದರು. ಆಗ ಬೀದಿಯ ಟ್ರಾನ್ಸ್‌ಫಾರ್ಮರ್‌ಗಳು ಸುಟ್ಟವು.

ಈ ಕೊನೆಯದನ್ನು ನೆನಪಿಟ್ಟುಕೊಳ್ಳಬೇಕು. ಒಂದು ಇಂಧನ ನಿಂತಾಗ ಜನ ತಾವಾಗಿಯೇ ಇನ್ನೊಂದಕ್ಕೆ ಹೊರಳುತ್ತಾರೆ. ಆ ಇನ್ನೊಂದರ ಜಾಲ ಅದಕ್ಕೆ ತಯಾರಿರದಿದ್ದರೆ ಎರಡೂ ಕೈಕೊಡುತ್ತವೆ.

ಕೊಳವೆ ಬಂದ ಮೇಲೆ

ಬಿಹಾರದ ಮೋತಿಹಾರಿಯಿಂದ ನೇಪಾಳದ ಅಮಲೇಖ್‌ಗಂಜ್‌ಗೆ ಪೈಪ್‌ಲೈನ್ ಹಾಕುವ ಪ್ರಸ್ತಾವ 1996ರಷ್ಟು ಹಳೆಯದು. ಕೆಲಸಕ್ಕೆ ವೇಗ ಬಂದದ್ದು 2015ರ ಪೆಟ್ಟಿನ ನಂತರ. 2019ರ ಸೆಪ್ಟೆಂಬರ್ 10ರಂದು ಎರಡೂ ದೇಶದ ಪ್ರಧಾನಿಗಳು ಅದನ್ನು ಉದ್ಘಾಟಿಸಿದರು. ಉದ್ದ 69 ಕಿ.ಮೀ., ವರ್ಷಕ್ಕೆ 20 ಲಕ್ಷ ಟನ್ ಸಾಗಿಸುವ ಸಾಮರ್ಥ್ಯ. ದಕ್ಷಿಣ ಏಷ್ಯಾದಲ್ಲಿ ಗಡಿ ದಾಟಿದ ಮೊದಲ ತೈಲ ಕೊಳವೆ ಇದು. 2023ರ ಮಾರ್ಚ್‌ನಲ್ಲಿ ಸಿಲಿಗುರಿಯಿಂದ ಬಾಂಗ್ಲಾದೇಶದ ಪಾರ್ಬತೀಪುರಕ್ಕೆ ಇಂಥದ್ದೇ ಇನ್ನೊಂದು ಬಂತು.

ಮೋತಿಹಾರಿಗೆ ತೈಲ ಬರುವುದು ಬರೌನಿ ಸಂಸ್ಕರಣಾಗಾರದಿಂದ. ಹಿಂದೆ ಇದನ್ನು ಲಾರಿಗೆ ತುಂಬಿ, ಗಡಿಯಲ್ಲಿ ಕಾಗದಪತ್ರ ಮುಗಿಸಿ, ಅಮಲೇಖ್‌ಗಂಜ್‌ನಲ್ಲಿ ಇಳಿಸಬೇಕಿತ್ತು. ಸಾಗಣೆ ವೆಚ್ಚ, ದಾರಿಯಲ್ಲಿ ಆವಿಯಾಗಿ ಹೋಗುವುದು, ಕದ್ದು ಕಲಬೆರಕೆ ಮಾಡುವುದು ಎಲ್ಲ ಸೇರಿ ಆಗುತ್ತಿದ್ದ ನಷ್ಟ ಕೊಳವೆಯಿಂದ ತಗ್ಗಿತು. ಸೇತುವೆಯ ಮೇಲೆ ಯಾರೇ ಕುಳಿತರೂ ನೆಲದಡಿಯ ಕೊಳವೆ ನಿಲ್ಲುವುದಿಲ್ಲ, ಇದು ನಿಜವಾದ ಲಾಭ.

ಆದರೆ ಕೊಳವೆಗೆ ತನ್ನದೇ ಮಿತಿಗಳಿವೆ. ಸುಮಾರು 10 ಇಂಚು ವ್ಯಾಸದ, 69 ಕಿ.ಮೀ. ಉದ್ದದ ಕೊಳವೆಯೊಳಗೆ ಯಾವಾಗಲೂ ಹತ್ತಿರ ಹತ್ತಿರ 35 ಲಕ್ಷ ಲೀಟರ್ ತೈಲ ತುಂಬಿರುತ್ತದೆ. 20 ಸಾವಿರ ಲೀಟರಿನ ಟ್ಯಾಂಕರ್ ಲೆಕ್ಕದಲ್ಲಿ 175 ಲಾರಿ. ಕೇಳಲು ದೊಡ್ಡ ದಾಸ್ತಾನು. ಬಿಕ್ಕಟ್ಟಿನಲ್ಲಿ ಅದು ಉಪಯೋಗಕ್ಕಿಲ್ಲ, ಏಕೆಂದರೆ ಹಿಂದಿನಿಂದ ಹೊಸ ತೈಲ ತಳ್ಳಿದರೆ ಮಾತ್ರ ಮುಂದಿನದು ಹೊರಬರುತ್ತದೆ. ಪಂಪ್ ಇರುವುದು ಮೋತಿಹಾರಿಯಲ್ಲಿ.

ಎರಡನೆಯ ಮಿತಿ ಸರಕಿನದು. ಕೊಳವೆ ಶುರುವಾದದ್ದು ಡೀಸೆಲ್‌ನಿಂದ. ಅದೇ ಕೊಳವೆಯಲ್ಲಿ ಪೆಟ್ರೋಲನ್ನೂ ಕಳಿಸಬಹುದು, ಒಂದರ ಹಿಂದೆ ಒಂದರಂತೆ ಕಂತುಕಂತಾಗಿ. ಎರಡರ ನಡುವೆ ಗೋಡೆ ಇರುವುದಿಲ್ಲ, ಸೇರುವ ಜಾಗದಲ್ಲಿ ಒಂದಷ್ಟು ಬೆರೆಯುತ್ತದೆ. ಬೆರೆತ ಭಾಗವನ್ನು ಸಾಂದ್ರತೆ ನೋಡಿ ಗುರುತಿಸಿ ಪ್ರತ್ಯೇಕ ಟ್ಯಾಂಕಿಗೆ ತಿರುಗಿಸಬೇಕು. ಪೆಟ್ರೋಲಿಗೆ ಡೀಸೆಲ್ ಸೇರಿದರೆ ಆಕ್ಟೇನ್ ಬೀಳುತ್ತದೆ, ಡೀಸೆಲಿಗೆ ಪೆಟ್ರೋಲ್ ಸೇರಿದರೆ ಬೆಂಕಿ ಹೊತ್ತಿಕೊಳ್ಳುವ ಉಷ್ಣತೆ ಅಪಾಯದ ಮಟ್ಟಕ್ಕೆ ಇಳಿಯುತ್ತದೆ. ಸಂಸ್ಕರಣಾಗಾರವಿದ್ದರೆ ಬೆರೆತದ್ದನ್ನು ಮತ್ತೆ ಬೇರ್ಪಡಿಸಬಹುದು. ನೇಪಾಳಕ್ಕೆ ಆ ಅನುಕೂಲ ಇಲ್ಲ, ಅಳತೆ ಮೀರದಂತೆ ಚೂರುಚೂರೇ ಒಳ್ಳೆಯ ಸರಕಿಗೆ ಸೇರಿಸಿ ಮುಗಿಸಬೇಕು. ಹಾಗಾಗಿ ಪ್ರತಿ ಹೊಸ ಸರಕಿಗೂ ಆ ತುದಿಯಲ್ಲಿ ಹೆಚ್ಚು ಟ್ಯಾಂಕುಗಳು ಬೇಕು. ಕೊಳವೆ ಹಾಕಿದ್ದರ ಪೂರ್ತಿ ಫಲ ಸಿಗುವುದು ಟ್ಯಾಂಕ್ ಕಟ್ಟಿದ ಮೇಲೆಯೇ. ರಾಜಕಾರಣಿಗಳು ಕೊಳವೆ ಉದ್ಘಾಟಿಸಲು ಬರುತ್ತಾರೆ, ಟ್ಯಾಂಕ್ ಉದ್ಘಾಟನೆಗೆ ಅಷ್ಟು ಉತ್ಸಾಹ ಕಾಣುವುದಿಲ್ಲ!

ಅಡುಗೆ ಅನಿಲ ಇಂದಿಗೂ ಬುಲೆಟ್ ಟ್ಯಾಂಕರುಗಳಲ್ಲೇ ಬರುತ್ತದೆ. ಇಲ್ಲಿ ಅವಲಂಬನೆ ಇನ್ನೂ ಉದ್ದದ ಸರಪಳಿ. ಭಾರತ ತನ್ನ ಅಡುಗೆ ಅನಿಲದಲ್ಲಿ ಸುಮಾರು ಶೇ 60ನ್ನು ಆಮದು ಮಾಡಿಕೊಳ್ಳುತ್ತದೆ, ಅದರಲ್ಲಿ ಬಹುಪಾಲು ಬರುವುದು ಕೊಲ್ಲಿ ದೇಶಗಳಿಂದ, ಹಾರ್ಮುಜ್ ಜಲಸಂಧಿ ದಾಟಿ. ಪೋಖರಾದ ಅಡುಗೆಮನೆಯ ಒಲೆ ಹೊತ್ತಬೇಕಾದರೆ ರಕ್ಸೌಲ್ ತೆರೆದಿದ್ದರೆ ಸಾಲದು, ಹಾರ್ಮುಜ್ ಕೂಡ ತೆರೆದಿರಬೇಕು.

ಬೆಲೆಯ ಮೇಲೂ ನೇಪಾಳಕ್ಕೆ ಹಿಡಿತವಿಲ್ಲ. ತಿಂಗಳ 1 ಮತ್ತು 16ನೇ ತಾರೀಕು ಇಂಡಿಯನ್ ಆಯಿಲ್‌ನಿಂದ ಹೊಸ ದರಪಟ್ಟಿ ಬರುತ್ತದೆ, ಅನಿಲಕ್ಕೆ ತಿಂಗಳಿಗೊಮ್ಮೆ. ಹಣ ಕೊಡಬೇಕಾದದ್ದು ಭಾರತದ ರೂಪಾಯಿಯಲ್ಲಿ. ರಫ್ತಿನಿಂದ ಅಷ್ಟು ಭಾರತೀಯ ರೂಪಾಯಿ ಬರುವುದಿಲ್ಲವಾದ್ದರಿಂದ ನೇಪಾಳ ರಾಷ್ಟ್ರ ಬ್ಯಾಂಕ್ ಡಾಲರ್ ಮಾರಿ ರೂಪಾಯಿ ಕೊಳ್ಳುತ್ತದೆ. ಆ ಡಾಲರಿನ ಮುಖ್ಯ ಮೂಲ ಕೊಲ್ಲಿ ಮತ್ತು ಮಲೇಷ್ಯಾದಂಥ ಕಡೆ ದುಡಿಯುವವರು ಮನೆಗೆ ಕಳಿಸುವ ಹಣ.

ದಾಸ್ತಾನಿನ ಪ್ರಶ್ನೆ

ಅಂತರರಾಷ್ಟ್ರೀಯ ಇಂಧನ ಸಂಸ್ಥೆ ತನ್ನ ಸದಸ್ಯ ದೇಶಗಳಿಗೆ 90 ದಿನಗಳ ನಿವ್ವಳ ಆಮದಿಗೆ ಸಮನಾದ ತೈಲವನ್ನು ಸಂಗ್ರಹಿಸಿಡಬೇಕೆಂಬ ನಿಯಮ ಹಾಕಿದೆ. ಭಾರತ ಮಂಗಳೂರಿನಲ್ಲಿ 15 ಲಕ್ಷ ಟನ್, ಉಡುಪಿ ಜಿಲ್ಲೆಯ ಪಾದೂರಿನಲ್ಲಿ 25 ಲಕ್ಷ ಟನ್, ವಿಶಾಖಪಟ್ಟಣದಲ್ಲಿ 13.3 ಲಕ್ಷ ಟನ್ ಹಿಡಿಸುವ ಬಂಡೆಗುಹೆಗಳನ್ನು ನೆಲದಡಿ ಕೊರೆದಿದೆ. ಪಾದೂರಿನಂಥದ್ದೊಂದು ಗುಹೆಯನ್ನು ನೇಪಾಳವೂ ಯಾಕೆ ಕೊರೆಯಬಾರದು ಎಂದು ಕೇಳುವವರಿದ್ದಾರೆ.

ಕೊರೆದರೂ ಪ್ರಯೋಜನವಿಲ್ಲ. ಪಾದೂರಿನಲ್ಲಿರುವುದು ಕಚ್ಚಾತೈಲ. ಅದು ವರ್ಷಗಟ್ಟಲೆ ಕೆಡದೆ ಇರುತ್ತದೆ, ಬೇಕಾದಾಗ ಸಂಸ್ಕರಣಾಗಾರಕ್ಕೆ ಹೋಗುತ್ತದೆ. ಸಂಸ್ಕರಣಾಗಾರವಿಲ್ಲದ ದೇಶ ತಯಾರಾದ ಪೆಟ್ರೋಲ್, ಡೀಸೆಲ್ಲನ್ನೇ ಇಡಬೇಕು. ಅವು ಹಾಗಿರುವುದಿಲ್ಲ. ಪೆಟ್ರೋಲಿನಲ್ಲಿ ಬೇಗ ಆವಿಯಾಗುವ ಅಂಶ ಹೋಗಿ ಅಂಟು ಕಟ್ಟುತ್ತದೆ. ಡೀಸೆಲ್ ಟ್ಯಾಂಕಿನ ತಳದಲ್ಲಿ ನೀರು ಸೇರಿದರೆ ಸೂಕ್ಷ್ಮಜೀವಿಗಳು ಬೆಳೆದು ಫಿಲ್ಟರ್ ಕಟ್ಟುತ್ತವೆ. ಆದ್ದರಿಂದ ಹಳೆಯದನ್ನು ಮಾರಿ ಹೊಸದನ್ನು ತುಂಬುತ್ತಾ ದಾಸ್ತಾನನ್ನು ಸದಾ ತಿರುಗಿಸುತ್ತಿರಬೇಕು. ಹೀಗೆ ತಿರುಗಿಸುವಾಗ ಬೆಲೆ ಇಳಿದಿದ್ದರೆ ನಷ್ಟ. ಆ ನಷ್ಟವನ್ನು ಯಾರು ಹೊರಬೇಕು ಎಂಬುದನ್ನು ಮೊದಲೇ ಬರೆದಿಡದಿದ್ದರೆ, ತೈಲ ಕಂಪನಿ ಸದ್ದಿಲ್ಲದೆ ಟ್ಯಾಂಕುಗಳನ್ನು ಅರ್ಧ ಖಾಲಿ ಇಡುತ್ತದೆ. ಕಾಗದದ ಮೇಲಿನ ‘ಸಂಗ್ರಹ ಸಾಮರ್ಥ್ಯ’ಕ್ಕೂ ಟ್ಯಾಂಕಿನಲ್ಲಿ ನಿಜವಾಗಿ ಇರುವುದಕ್ಕೂ ಎಷ್ಟೋ ದೇಶಗಳಲ್ಲಿ ವ್ಯತ್ಯಾಸ ಬರುವುದು ಹೀಗೆ.

ಟ್ಯಾಂಕ್ ಎಲ್ಲಿದೆ ಎಂಬುದೂ ಮುಖ್ಯ. ಅಮಲೇಖ್‌ಗಂಜ್ ಗಡಿಗೆ ಹತ್ತಿರ, ಬೆಟ್ಟಗಳ ದಕ್ಷಿಣಕ್ಕಿದೆ. ಮಳೆಗಾಲದಲ್ಲಿ ಗುಡ್ಡ ಕುಸಿದು ಕಠ್ಮಂಡುವಿನ ರಸ್ತೆ ಮುಚ್ಚಿದರೆ ಅಲ್ಲಿ ತುಂಬಿದ ಟ್ಯಾಂಕಿದ್ದೂ ರಾಜಧಾನಿ ಖಾಲಿ. 2024ರ ಅಕ್ಟೋಬರ್‌ನಲ್ಲಿ ಎರಡೂ ತೈಲ ಸಂಸ್ಥೆಗಳು ಮಾಡಿಕೊಂಡ ಒಪ್ಪಂದದಲ್ಲಿ ಕೊಳವೆಯನ್ನು ಚಿತ್ವನ್ ಜಿಲ್ಲೆಯ ಲೋಥರ್‌ವರೆಗೆ ವಿಸ್ತರಿಸುವುದು, ಪೂರ್ವದಲ್ಲಿ ಸಿಲಿಗುರಿಯಿಂದ ಝಾಪಾದ ಚಾರಾಲಿಗೆ ಇನ್ನೊಂದು ಕೊಳವೆ ಹಾಕುವುದು ಸೇರಿವೆ. ಇದರಿಂದ ದಾರಿ ಎರಡಾಗುತ್ತವೆ, ಮಾರಾಟಗಾರ ಒಬ್ಬನೇ ಉಳಿಯುತ್ತಾನೆ.

ಚೀನಾ ಕಡೆಯ ಉತ್ತರದ ದಾರಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ, ಲೆಕ್ಕವೇ ಅದನ್ನು ಮುಗಿಸಿಬಿಡುತ್ತದೆ. 2015ರಲ್ಲಿ ಚೀನಾ ಅನುದಾನವಾಗಿ ಕೊಟ್ಟ 13 ಲಕ್ಷ ಲೀಟರ್ ಇಂಧನ ನೇಪಾಳದ ಎರಡು ದಿನದ ಪೆಟ್ರೋಲ್ ಬಳಕೆಗೂ ಸಾಲುತ್ತಿರಲಿಲ್ಲ. ಚೀನಾದ ತೈಲ ಗೋಲ್ಮುಡ್‌ನಿಂದ ಲಾಸಾಕ್ಕೆ 1,080 ಕಿ.ಮೀ. ಕೊಳವೆಯಲ್ಲಿ ಬರಬೇಕು, ಅಲ್ಲಿಂದ ನೇಪಾಳ ಗಡಿಯ ಕೇರುಂಗ್‌ಗೆ ಎತ್ತರದ ಕಣಿವೆಗಳನ್ನು ದಾಟಿ ಸುಮಾರು 800 ಕಿ.ಮೀ. ಲಾರಿಯಲ್ಲಿ ಬರಬೇಕು. ಬರೌನಿಯ ಜೊತೆ ಇದು ಸ್ಪರ್ಧಿಸಲಾರದು. ತುರ್ತಿಗೊಂದು ಕಿಟಕಿ ಎಂದು ಇಟ್ಟುಕೊಳ್ಳಬಹುದು. 2025ರ ಜುಲೈ 8ರಂದು ಟಿಬೆಟ್ ಕಡೆಯಿಂದ ನುಗ್ಗಿದ ಪ್ರವಾಹ ಇದೇ ದಾರಿಯ ರಸುವಾಗಢಿ ಗಡಿ ಸೇತುವೆಯನ್ನೇ ಕೊಚ್ಚಿಕೊಂಡು ಹೋಯಿತು.

ನದಿಯ ಎರಡು ಮುಖ

ಈಗ ವಿದ್ಯುತ್ತಿಗೆ ಬರೋಣ. ಒಂದು ದಶಕದ ಹಿಂದೆ ಕಠ್ಮಂಡುವಿನಲ್ಲಿ ಚಳಿಗಾಲದ ದಿನಕ್ಕೆ 14–16 ಗಂಟೆ ಲೋಡ್ ಶೆಡ್ಡಿಂಗ್ ಇರುತ್ತಿತ್ತು. ಅದು ನಿಂತದ್ದು 2016ರ ಕೊನೆಯಲ್ಲಿ. ಕುಲ್ಮಾನ್ ಘೀಸಿಂಗ್ ನೇಪಾಳ ವಿದ್ಯುತ್ ಪ್ರಾಧಿಕಾರದ ಮುಖ್ಯಸ್ಥರಾಗಿ ಬಂದು, ಕೆಲವು ಕಾರ್ಖಾನೆಗಳಿಗೆ ಹೋಗುತ್ತಿದ್ದ ವಿಶೇಷ ಪೂರೈಕೆಯನ್ನು ಮನೆಗಳ ಕಡೆ ತಿರುಗಿಸಿದ್ದು ಒಂದು ಕಾರಣ. ಜನ ಅದನ್ನೇ ಹೆಚ್ಚು ನೆನೆಯುತ್ತಾರೆ. ಇನ್ನೊಂದು ಕಾರಣ ಅಷ್ಟೇ ದೊಡ್ಡದು: ಅದೇ ವರ್ಷದ ಆರಂಭದಲ್ಲಿ ನೇಪಾಳದ ಧಲ್ಕೇಬರ್ ಮತ್ತು ಬಿಹಾರದ ಮುಜಫ್ಫರ್‌ಪುರ ನಡುವಿನ ಮಾರ್ಗದಲ್ಲಿ ಭಾರತದ ವಿದ್ಯುತ್ ಹರಿಯತೊಡಗಿತ್ತು. 400 ಕಿಲೋವೋಲ್ಟಿಗೆ ಕಟ್ಟಿದ ಆ ಮಾರ್ಗವನ್ನು ಮೊದಲು 132, ಆಮೇಲೆ 220, ಕೊನೆಗೆ 400ಕ್ಕೆ ಏರಿಸಿದರು. ಎಂದರೆ ನೇಪಾಳದ ಮನೆಗಳಲ್ಲಿ ಕತ್ತಲೆ ಕಳೆದದ್ದು ಆಮದು ಹೆಚ್ಚಾದಾಗ, ಕಡಿಮೆಯಾದಾಗ ಅಲ್ಲ. ಸ್ವಾವಲಂಬನೆಯೇ ಭದ್ರತೆ ಎನ್ನುವವರು ಈ ಅನುಭವದ ಮುಂದೆ ಸ್ವಲ್ಪ ನಿಲ್ಲಬೇಕಾಗುತ್ತದೆ.

ನೇಪಾಳದ ಸ್ಥಾಪಿತ ವಿದ್ಯುತ್ ಸಾಮರ್ಥ್ಯ ಈಗ 3,000 ಮೆಗಾವ್ಯಾಟ್ ದಾಟಿದೆ, ಬಹುತೇಕ ಎಲ್ಲವೂ ಜಲವಿದ್ಯುತ್. ಆದರೆ ಈ ಸ್ಥಾವರಗಳಲ್ಲಿ ಹೆಚ್ಚಿನವು ಹರಿಯುವ ನದಿಯ ನೀರನ್ನು ಒಂದಷ್ಟು ದೂರ ಸುರಂಗದಲ್ಲಿ ತಿರುಗಿಸಿ, ಕೆಳಗೆ ಬೀಳಿಸಿ, ಮತ್ತೆ ನದಿಗೇ ಬಿಡುವಂಥವು. ಶರಾವತಿಗೆ ಲಿಂಗನಮಕ್ಕಿ ಇರುವಂತೆ ಮಳೆಗಾಲದ ನೀರನ್ನು ಬೇಸಿಗೆಗೆ ಹಿಡಿದಿಡುವ ಜಲಾಶಯ ಅವಕ್ಕಿಲ್ಲ. ಅಂಥ ದೊಡ್ಡ ಸಂಗ್ರಹ ಇರುವುದು ಕುಲೇಖಾನಿಯಲ್ಲಿ ಮಾತ್ರ, ಅದರ ಮೂರು ಹಂತಗಳೂ ಸೇರಿ 106 ಮೆಗಾವ್ಯಾಟ್.

ಇದರ ಪರಿಣಾಮವನ್ನು ಲೆಕ್ಕದಲ್ಲೇ ನೋಡಬಹುದು. 100 ಮೀಟರ್ ಎತ್ತರದಿಂದ ಸೆಕೆಂಡಿಗೆ 10 ಘನ ಮೀಟರ್ ನೀರು ಬಿದ್ದರೆ, ಯಂತ್ರಗಳ ನಷ್ಟ ಕಳೆದು 8 ಮೆಗಾವ್ಯಾಟಿಗೂ ತುಸು ಹೆಚ್ಚು ಸಿಗುತ್ತದೆ. ಫೆಬ್ರುವರಿಯಲ್ಲಿ ಅದೇ ನದಿ 3 ಘನ ಮೀಟರಿಗೆ ಇಳಿದರೆ ಸಿಗುವುದು ಎರಡೂವರೆ. ನೇಪಾಳದಲ್ಲಿ ಇಂಥ ಸ್ಥಾವರಗಳನ್ನು ವರ್ಷದ ಶೇ 40ರಷ್ಟು ಕಾಲ ಮಾತ್ರ ನದಿಯಲ್ಲಿ ಸಿಗುವ ಹರಿವಿಗೆ ಹೊಂದಿಸಿ ವಿನ್ಯಾಸ ಮಾಡುವುದು ವಾಡಿಕೆ. ಉಳಿದ ಶೇ 60 ಕಾಲ ಯಂತ್ರ ಪೂರ್ತಿ ತುಂಬುವುದೇ ಇಲ್ಲ. ಚಳಿಗಾಲದಲ್ಲಿ ದೇಶದ ಒಟ್ಟು ಉತ್ಪಾದನೆ ಸುಮಾರು ಮೂರನೇ ಒಂದು ಭಾಗಕ್ಕೆ ಬೀಳುತ್ತದೆ. ಆಗಲೇ ಹೀಟರ್, ಗೀಸರ್‌ಗಳ ಬೇಡಿಕೆ ಏರುತ್ತದೆ.

ಪ್ರಾಧಿಕಾರ ಖಾಸಗಿ ಉತ್ಪಾದಕರಿಗೆ ಕೊಡುವ ದರದಲ್ಲೂ ಈ ಋತುಭೇದ ಕಾಣುತ್ತದೆ. ಹರಿವಿನ ಸ್ಥಾವರಗಳಿಗೆ ಮಳೆಗಾಲದಲ್ಲಿ ಯೂನಿಟ್ಟಿಗೆ 4.80 ನೇಪಾಳಿ ರೂಪಾಯಿ, ಒಣಗಾಲದಲ್ಲಿ 8.40. ಹೀಗಿದ್ದೂ ಮಳೆಗಾಲದ ವಿದ್ಯುತ್ ರಾಶಿ ಬೀಳುತ್ತದೆ. ಬಳಸಲಿ ಬಿಡಲಿ ಹಣ ಕೊಡಲೇಬೇಕೆಂಬ ಒಪ್ಪಂದಗಳಿರುವಾಗ ಮಾರಲಾಗದ ವಿದ್ಯುತ್ ಪ್ರಾಧಿಕಾರಕ್ಕೆ ಶುದ್ಧ ಹೊರೆ. 2021ರಲ್ಲಿ 456 ಮೆಗಾವ್ಯಾಟಿನ ಅಪ್ಪರ್ ತಾಮಾಕೋಶಿ ಜಲವಿದ್ಯುತ್ ಸ್ಥಾವರ ಶುರುವಾದ ಮೇಲೆ ಗಡಿಯಾಚೆಯ ಮಾರುಕಟ್ಟೆ ಇಲ್ಲದೆ ಗತಿಯಿಲ್ಲ ಎಂಬ ಸ್ಥಿತಿ ಬಂತು.

ತಂತಿಯ ಆಚೆಯ ಮಾರುಕಟ್ಟೆ

2014ರ ಅಕ್ಟೋಬರ್‌ನಲ್ಲಿ ಭಾರತ–ನೇಪಾಳ ವಿದ್ಯುತ್ ವ್ಯಾಪಾರ ಒಪ್ಪಂದಕ್ಕೆ ಸಹಿ ಬಿದ್ದಿತ್ತು. ಅದರ ಮರು ತಿಂಗಳೇ ಕಠ್ಮಂಡುವಿನ ಸಾರ್ಕ್ ಶೃಂಗಸಭೆಯಲ್ಲಿ ಎಂಟು ದೇಶಗಳ ವಿದ್ಯುತ್ ಸಹಕಾರದ ಚೌಕಟ್ಟಿಗೂ ಸಹಿಯಾಯಿತು. ಎಂಟು ದೇಶಗಳ ಒಪ್ಪಂದ ಅಲ್ಲೇ ಉಳಿಯಿತು, ಆಮೇಲೆ ಸಾರ್ಕ್ ಶೃಂಗಸಭೆಯೇ ನಡೆದಿಲ್ಲ. ಕೆಲಸ ಆದದ್ದೆಲ್ಲ ಇಬ್ಬಿಬ್ಬರ ನಡುವಿನ ಒಪ್ಪಂದಗಳಿಂದ. ಇಬ್ಬರ ಒಪ್ಪಂದ ಬೇಗ ಆಗುತ್ತದೆ, ನಿಜ. ಅದರಲ್ಲಿ ದೊಡ್ಡವರ ನಿಯಮವೇ ಎಲ್ಲರ ನಿಯಮವಾಗುತ್ತದೆ ಎಂಬುದೂ ನಿಜ.

2021ರ ನವೆಂಬರ್‌ನಲ್ಲಿ ಭಾರತದ ವಿದ್ಯುತ್ ಮಾರುಕಟ್ಟೆಯಾದ ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್‌ನಲ್ಲಿ ಮಾರಲು ನೇಪಾಳಕ್ಕೆ ಮೊದಲ ಒಪ್ಪಿಗೆ ಸಿಕ್ಕಿದ್ದು ಕೇವಲ 39 ಮೆಗಾವ್ಯಾಟಿಗೆ: ತ್ರಿಶೂಲಿಯ 24, ದೇವೀಘಾಟ್‌ನ 15. ಎರಡೂ ಭಾರತದ ನೆರವಿನಿಂದ ಕಟ್ಟಿದವು, ಆಯ್ಕೆ ಆಕಸ್ಮಿಕವೇನಲ್ಲ. 2024ರ ಹೊತ್ತಿಗೆ ಒಪ್ಪಿಗೆ ಪಡೆದ ಪ್ರಮಾಣ 900 ಮೆಗಾವ್ಯಾಟ್ ದಾಟಿತು.

ಆ ಮಾರುಕಟ್ಟೆ ನಡೆಯುವ ಬಗೆ ಹೀಗೆ. ನಾಳೆಯ 24 ಗಂಟೆಯನ್ನು 15 ನಿಮಿಷದ 96 ತುಂಡುಗಳಾಗಿ ಒಡೆಯುತ್ತಾರೆ. ಪ್ರತಿ ತುಂಡಿಗೂ ಎಷ್ಟು ವಿದ್ಯುತ್, ಕನಿಷ್ಠ ಯಾವ ಬೆಲೆಗೆ ಎಂದು ಇಂದು ಮಧ್ಯಾಹ್ನದೊಳಗೆ ಬಿಡ್ ಹಾಕಬೇಕು. ನೇಪಾಳದ ಪರವಾಗಿ ಈ ವ್ಯವಹಾರ ಮಾಡುವುದು ಎನ್‌ಟಿಪಿಸಿ ವಿದ್ಯುತ್ ವ್ಯಾಪಾರ ನಿಗಮ. ಎಲ್ಲ ಬಿಡ್‌ಗಳನ್ನೂ ಜೋಡಿಸಿ ಪ್ರತಿ ತುಂಡಿಗೊಂದು ಬೆಲೆ ಗೊತ್ತುಮಾಡುತ್ತಾರೆ. ಮಧ್ಯಾಹ್ನ ರಾಜಸ್ಥಾನ, ಗುಜರಾತ್, ಕರ್ನಾಟಕಗಳ ಸೌರ ವಿದ್ಯುತ್ ತುಂಬಿ ಬೆಲೆ ಕುಸಿಯುತ್ತದೆ. ಸೂರ್ಯ ಇಳಿದ ಮೇಲೆ ಕೆಲವು ದಿನ ಗರಿಷ್ಠ ಮಿತಿಯಾದ, ಯೂನಿಟ್ಟಿಗೆ 10 ಭಾರತೀಯ ರೂಪಾಯಿಯವರೆಗೂ ಹೋಗುತ್ತದೆ. ಹಾಗಾಗಿ ನೇಪಾಳದ ಪಾಲಿಗೆ ಎಷ್ಟು ಯೂನಿಟ್ ಮಾರಿದೆವು ಎನ್ನುವುದರಷ್ಟೇ, ಯಾವ ಗಂಟೆಗೆ ಮಾರಿದೆವು ಎಂಬುದೂ ಮುಖ್ಯ. ಕೆಲವು ಗಂಟೆಯ ನೀರನ್ನು ಕೊಳದಲ್ಲಿ ಹಿಡಿದು ಸಂಜೆ ಬಿಡಬಲ್ಲ ಸ್ಥಾವರಕ್ಕೆ ಇಲ್ಲಿ ಹೆಚ್ಚು ಬೆಲೆ.

ಎಡವುವುದೂ ಇಲ್ಲೇ. ಬಿಡ್ ಒಪ್ಪಿಕೊಂಡ ಮೇಲೆ ರಾತ್ರಿ ಮೇಲ್ಗಡೆ ಜೋರು ಮಳೆ ಬಂತು ಎನ್ನಿ. ನದಿಯ ಹೂಳು ಮಿತಿ ಮೀರುತ್ತದೆ. ಹಿಮಾಲಯದ ಹೂಳಿನಲ್ಲಿ ಗಟ್ಟಿ ಬೆಣಚುಕಲ್ಲಿನ ಕಣಗಳಿರುವುದರಿಂದ ಟರ್ಬೈನ್‌ನ ಅಂಚುಗಳು ಸವೆದುಹೋಗುತ್ತವೆ, ಅದಕ್ಕೇ ಸ್ಥಾವರವನ್ನು ನಿಲ್ಲಿಸಿಬಿಡುತ್ತಾರೆ. ನೀರು ಅತಿ ಹೆಚ್ಚು ಇರುವಾಗಲೇ ವಿದ್ಯುತ್ ಇಲ್ಲ! ಹೇಳಿದಷ್ಟು ಕಳಿಸದಿದ್ದರೆ ವ್ಯತ್ಯಾಸಕ್ಕೆ ದಂಡದ ದರ ಕಟ್ಟಬೇಕು, ಇಲ್ಲವೇ ಅರ್ಧ ಗಂಟೆಗೊಮ್ಮೆ ನಡೆಯುವ ತಕ್ಷಣದ ಮಾರುಕಟ್ಟೆಯಲ್ಲಿ ಕೊಂಡು ತುಂಬಿಸಬೇಕು.

ಇನ್ನೊಂದು ತೊಡಕು ನಿಯಮದ್ದು. ಭಾರತಕ್ಕೆ ಮಾರುವ ಪ್ರತಿ ಸ್ಥಾವರಕ್ಕೂ ಪ್ರತ್ಯೇಕ ಒಪ್ಪಿಗೆ ಬೇಕು. ಚೀನಾದ ಹೂಡಿಕೆ ಇದ್ದರೆ ಅಥವಾ ಚೀನಾದ ಗುತ್ತಿಗೆದಾರರು ಕಟ್ಟಿದ್ದರೆ ಒಪ್ಪಿಗೆ ಸಿಗುವುದಿಲ್ಲ. ನೇಪಾಳದ ಎಷ್ಟೋ ಸುರಂಗಗಳನ್ನು ಕೊರೆದದ್ದು ಕಡಿಮೆ ಬೆಲೆಗೆ ಟೆಂಡರ್ ಗೆದ್ದ ಚೀನಾ ಕಂಪನಿಗಳು. ಅಪ್ಪರ್ ತಾಮಾಕೋಶಿಯ ಕಾಮಗಾರಿಯೂ ಚೀನಾ ಗುತ್ತಿಗೆದಾರರದ್ದೇ. ಭಾರತದ ಕಾಳಜಿ ತನ್ನ ಗಡಿಯ ಬಗ್ಗೆ, ಅದಕ್ಕೆ ಕಾರಣಗಳಿವೆ. ಆದರೂ ಪರಿಣಾಮ ವಿಚಿತ್ರ: ತಂತಿಯಲ್ಲಿ ಬೆರೆತ ಎಲೆಕ್ಟ್ರಾನುಗಳಿಗೆ ಗುರುತಿಲ್ಲ, ಕಾಗದದಲ್ಲಿ ಮಾತ್ರ ‘ಒಪ್ಪಿಗೆಯಾದ’ ಸ್ಥಾವರದ್ದನ್ನು ರಫ್ತಿಗೆ, ಉಳಿದದ್ದನ್ನು ದೇಶದೊಳಗಿನ ಬಳಕೆಗೆ ಎಂದು ಹಂಚಿ ಬರೆಯುತ್ತಾರೆ. ದೇಶದೊಳಗಿನ ಬೇಡಿಕೆ ಕಡಿಮೆಯಾದ ಮಳೆಗಾಲದ ರಾತ್ರಿ ಆ ಹಂಚಿಕೆಯೂ ಕೈಗೂಡದೆ ಗೇಟು ತೆರೆದು ನೀರು ಬಿಡಬೇಕಾಗುತ್ತದೆ.

2024ರ ಜನವರಿಯಲ್ಲಿ ಹತ್ತು ವರ್ಷಗಳಲ್ಲಿ 10,000 ಮೆಗಾವ್ಯಾಟ್ ಕೊಳ್ಳುವ ದೀರ್ಘಾವಧಿ ಒಪ್ಪಂದಕ್ಕೆ ಭಾರತ ಸಹಿ ಹಾಕಿತು. ಕೊಳ್ಳುವುದು ಖಾತ್ರಿಯಾದರೆ ಬ್ಯಾಂಕುಗಳು ಸಾಲ ಕೊಡುತ್ತವೆ, ಅದೇ ಇದರ ಅಸಲಿ ಬೆಲೆ. ಅಷ್ಟು ಸಾಮರ್ಥ್ಯ ಇಂದು ನೇಪಾಳದಲ್ಲಿ ಇಲ್ಲ, ಅದನ್ನು ದಾಟಿಸುವ ತಂತಿಯೂ ಇಲ್ಲ. ಬುಟವಲ್–ಗೋರಖ್‌ಪುರ 400 ಕಿಲೋವೋಲ್ಟ್ ಮಾರ್ಗ ಎರಡನೇ ದೊಡ್ಡ ದಾಟು ಆಗಬೇಕು.

ನಲವತ್ತು ಮೆಗಾವ್ಯಾಟಿನ ಮಹತ್ವ

2024ರ ಅಕ್ಟೋಬರ್ 3ರಂದು ನೇಪಾಳ, ಭಾರತ, ಬಾಂಗ್ಲಾದೇಶ ತ್ರಿಪಕ್ಷೀಯ ಒಪ್ಪಂದಕ್ಕೆ ಬಂದವು. ನೇಪಾಳದ 40 ಮೆಗಾವ್ಯಾಟ್, ಪ್ರತಿ ವರ್ಷ ಜೂನ್ 15ರಿಂದ ನವೆಂಬರ್ 15ರವರೆಗೆ, ಯೂನಿಟ್ಟಿಗೆ 6.40 ಅಮೆರಿಕನ್ ಸೆಂಟ್. ಒಂದು ಋತುವಿಗೆ ಸುಮಾರು 14.4 ಕೋಟಿ ಯೂನಿಟ್, 92 ಲಕ್ಷ ಡಾಲರ್. ನವೆಂಬರ್ 15ರಂದು ಒಂದು ದಿನದ ಮಟ್ಟಿಗೆ ಹರಿಸಿ ಶಾಸ್ತ್ರ ಮಾಡಿದರು, 2025ರ ಜೂನ್ ಮಧ್ಯದಿಂದ ನಿಜವಾದ ಪೂರೈಕೆ ಶುರುವಾಯಿತು.

ಇಲ್ಲಿನ ತಾಂತ್ರಿಕ ಏರ್ಪಾಡು ನೋಡುವಂಥದ್ದು. ನೇಪಾಳ ಮತ್ತು ಭಾರತದ ಜಾಲಗಳು ಪರ್ಯಾಯ ವಿದ್ಯುತ್ತಿನಲ್ಲಿ ನೇರ ಜೋಡಣೆಯಾಗಿವೆ, ಎರಡೂ ಒಂದೇ 50 ಹರ್ಟ್ಜ್ ತಾಳಕ್ಕೆ ತಿರುಗುತ್ತವೆ. ಒಂದರಲ್ಲಿ ಆದ ಏರುಪೇರು ಇನ್ನೊಂದಕ್ಕೆ ತಟ್ಟುತ್ತದೆ. ಬಾಂಗ್ಲಾದೇಶದ ಜೋಡಣೆ ಬೇರೆ ಬಗೆಯದು. ಪಶ್ಚಿಮ ಬಂಗಾಳದ ಬಹರಂಪುರದಿಂದ ಬಂದ ವಿದ್ಯುತ್ತನ್ನು ಬಾಂಗ್ಲಾದೇಶದೊಳಗಿನ ಭೇಡಾಮಾರಾದಲ್ಲಿ ನೇರ ವಿದ್ಯುತ್ತಾಗಿ ಬದಲಿಸಿ, ಅಲ್ಲೇ ಮತ್ತೆ ಪರ್ಯಾಯ ವಿದ್ಯುತ್ತಾಗಿಸುತ್ತಾರೆ. 2013ರಲ್ಲಿ 500 ಮೆಗಾವ್ಯಾಟ್‌ನಿಂದ ಶುರುವಾದ ಆ ಕೇಂದ್ರ 2018ರಲ್ಲಿ 1,000ಕ್ಕೆ ಏರಿತು. ಎಷ್ಟು ಹರಿಯಬೇಕೆಂಬುದನ್ನು ಅಲ್ಲಿ ಗುಂಡಿ ಒತ್ತಿ ನಿರ್ಧರಿಸಬಹುದು, ಈಚಿನ ಏರಿಳಿತ ಆಚೆಗೆ ದಾಟುವುದಿಲ್ಲ. ಹೀಗಾಗಿ ನೇಪಾಳ ಮುಜಫ್ಫರ್‌ಪುರದಲ್ಲಿ 40 ಹಾಕುತ್ತದೆ, ಬಾಂಗ್ಲಾದೇಶ ಭೇಡಾಮಾರಾದಲ್ಲಿ ತೆಗೆಯುತ್ತದೆ, ನಡುವಿನ ನಷ್ಟ ಮತ್ತು ಸಾಗಣೆ ಶುಲ್ಕ ಕೊಳ್ಳುವವರದು.

ಮೊತ್ತ ಚಿಕ್ಕದು. ಆದರೆ ಭಾರತದ ಹೊರತು ಇನ್ನೊಬ್ಬ ಗಿರಾಕಿ ನೇಪಾಳಕ್ಕೆ ಸಿಕ್ಕಿದ್ದು, ದಾರಿ ಬಿಟ್ಟುಕೊಡಲು ಭಾರತ ಒಪ್ಪಿದ್ದು ಇದೇ ಮೊದಲು. ದರ, ಮೀಟರ್, ನಷ್ಟದ ಹಂಚಿಕೆ, ಹಣ ಪಾವತಿಯ ಕ್ರಮ ಎಲ್ಲವೂ ಒಮ್ಮೆ ಬರೆದಾಗಿದೆ. ಮುಂದೆ 400 ಮೆಗಾವ್ಯಾಟಿಗೂ ಅದೇ ಕಾಗದ ನಡೆಯುತ್ತದೆ.

ಮಾರಿದ ಯೂನಿಟ್, ಉಳಿಸಿದ ಲೀಟರ್

2023–24ರ ಹಣಕಾಸು ವರ್ಷದಲ್ಲಿ ನೇಪಾಳ ಮೊದಲ ಬಾರಿಗೆ ಕೊಂಡದ್ದಕ್ಕಿಂತ ತುಸು ಹೆಚ್ಚು ವಿದ್ಯುತ್ ಮಾರಿತು. ಬಂದ ಹಣ ಸುಮಾರು 1,700 ಕೋಟಿ ನೇಪಾಳಿ ರೂಪಾಯಿ. ಪೆಟ್ರೋಲಿಯಂ ಆಮದಿಗೆ ಹೋಗುವುದು ವರ್ಷಕ್ಕೆ ಸುಮಾರು 30,000 ಕೋಟಿ. ವಿದ್ಯುತ್ ಮಾರಿ ಡೀಸೆಲ್ ಬಿಲ್ಲು ತೀರಿಸುವ ಮಾತು ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ.

ನಿಜವಾದ ಲಾಭ ಬೇರೆ ಕಡೆ ಇದೆ. ರಫ್ತಾದ ಯೂನಿಟ್ಟಿಗೆ ಸರಾಸರಿ 9 ನೇಪಾಳಿ ರೂಪಾಯಿಯೊಳಗೆ ಸಿಕ್ಕಿತು. ಅದೇ ಯೂನಿಟ್ ನೇಪಾಳದೊಳಗೆ ವಿದ್ಯುತ್ ಕಾರಿಗೆ ಹೋದರೆ 6 ಕಿ.ಮೀ. ಓಡುತ್ತದೆ. ಲೀಟರಿಗೆ 15 ಕಿ.ಮೀ. ಕೊಡುವ ಪೆಟ್ರೋಲ್ ಕಾರು ಅಷ್ಟು ದೂರಕ್ಕೆ 0.4 ಲೀಟರ್ ಕುಡಿಯುತ್ತದೆ. ತೆರಿಗೆ ಬಿಟ್ಟು ಲೀಟರಿನ ಆಮದು ಬೆಲೆ 90 ರೂಪಾಯಿ ಎಂದಿಟ್ಟುಕೊಂಡರೂ 36 ರೂಪಾಯಿ ಉಳಿತಾಯ. ಮಾರಿದ್ದಕ್ಕಿಂತ ನಾಲ್ಕು ಪಟ್ಟು. ನೇಪಾಳ ಪೆಟ್ರೋಲ್ ಕಾರುಗಳಿಗೆ ಭಾರಿ ತೆರಿಗೆ, ವಿದ್ಯುತ್ ಕಾರುಗಳಿಗೆ ಕಡಿಮೆ ತೆರಿಗೆ ಹಾಕಿದ್ದರಿಂದ ಈಗ ಹೊಸದಾಗಿ ಬರುವ ಪ್ರಯಾಣಿಕ ಕಾರುಗಳಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ವಿದ್ಯುತ್ತಿನವೇ.

ಅಡುಗೆಮನೆಯ ಲೆಕ್ಕವೂ ಹೀಗೇ. 14.2 ಕೆ.ಜಿ. ಸಿಲಿಂಡರಿನಲ್ಲಿರುವ ಶಾಖ ಸುಮಾರು 180 ಯೂನಿಟ್. ಗ್ಯಾಸ್ ಒಲೆಯಲ್ಲಿ ಪಾತ್ರೆಗೆ ತಲುಪುವುದು ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಇಂಡಕ್ಷನ್ ಒಲೆಯಲ್ಲಿ ಅದೇ ಅಡುಗೆ 120 ಯೂನಿಟ್ ಆಸುಪಾಸಿನಲ್ಲಿ ಮುಗಿಯುತ್ತದೆ. ತೊಡಕಿರುವುದು ಮೀಟರಿನಲ್ಲಿ. ನೇಪಾಳದ ಬಡ ಮನೆಗಳಲ್ಲಿರುವುದು 5 ಆಂಪಿಯರ್ ಸಂಪರ್ಕ, 230 ವೋಲ್ಟಿನಲ್ಲಿ 1,150 ವ್ಯಾಟ್. ಇಂಡಕ್ಷನ್ ಒಲೆಗೆ ಬೇಕಾದದ್ದು 1,800. ಒಲೆ ಹಚ್ಚಿದೊಡನೆ ಸ್ವಿಚ್ ಬೀಳುತ್ತದೆ. 15 ಆಂಪಿಯರಿಗೆ ಏರಿಸಿದರೆ ತಿಂಗಳ ಸ್ಥಿರ ಶುಲ್ಕ ಹೆಚ್ಚುತ್ತದೆ, ಸಣ್ಣ ಸಂಪರ್ಕಕ್ಕಿರುವ 20 ಯೂನಿಟ್‌ವರೆಗಿನ ಉಚಿತ ವಿದ್ಯುತ್ತೂ ಹೋಗುತ್ತದೆ. ಒಳಗಿನ ವೈರಿಂಗ್ ಬದಲಿಸಬೇಕು. ಇನ್ನು ಬೀದಿಗೆ ಬಂದರೆ, 50 ಕೆ.ವಿ.ಎ. (ಹೆಚ್ಚೆಂದರೆ 50 ಕಿಲೋವ್ಯಾಟ್ ಹೊರುವ) ಟ್ರಾನ್ಸ್‌ಫಾರ್ಮರ್ ಕೆಳಗಿನ 40 ಮನೆಗಳು ಸಂಜೆ ಏಳಕ್ಕೆ ಒಟ್ಟಿಗೆ ಒಲೆ ಹಚ್ಚಿದರೆ 72 ಕಿಲೋವ್ಯಾಟ್. 2015ರಲ್ಲಿ ಸುಟ್ಟದ್ದು ಇದೇ ಕಾರಣಕ್ಕೆ. ಆದ್ದರಿಂದ ಅನುಕ್ರಮ ಮುಖ್ಯ: ಮೊದಲು ಟ್ರಾನ್ಸ್‌ಫಾರ್ಮರ್ ಮತ್ತು ಬೀದಿಯ ತಂತಿ, ಆಮೇಲೆ ಮೀಟರ್, ಕೊನೆಗೆ ಒಲೆ. ಸಬ್ಸಿಡಿ ಯೋಜನೆಗಳು ಹೆಚ್ಚಾಗಿ ಕೊನೆಯದರಿಂದ ಶುರುವಾಗುತ್ತವೆ, ಏಕೆಂದರೆ ಹಂಚಿದ ಒಲೆಗಳ ಸಂಖ್ಯೆಯನ್ನು ಎಣಿಸುವುದು ಸುಲಭ.

ಪೆಟ್ರೋಲ್ ಬಿಟ್ಟು ವಿದ್ಯುತ್ತಿಗೆ ಬಂದ ದೇಶ ಚಳಿಗಾಲದಲ್ಲಿ ಇನ್ನೂ ಹೆಚ್ಚು ಭಾರತದ ವಿದ್ಯುತ್ ಕೊಳ್ಳಬೇಕಾಗುತ್ತದೆ. ಅದೂ ಅವಲಂಬನೆಯೇ. ಆದರೆ ಇದರಲ್ಲಿ ಆರು ತಿಂಗಳು ಎದುರು ದಿಕ್ಕಿನ ಹರಿವಿದೆ, ಹತ್ತಕ್ಕೂ ಹೆಚ್ಚು ಕಡೆ ಗಡಿ ದಾಟುವ ಚಿಕ್ಕದೊಡ್ಡ ತಂತಿಗಳಿವೆ, ತಂತಿಯಾಚೆ ಸಾವಿರಾರು ಉತ್ಪಾದಕರಿರುವ ಮಾರುಕಟ್ಟೆ ಇದೆ. ಡೀಸೆಲಿಗೆ ಇವು ಯಾವುವೂ ಇಲ್ಲ.

ಉಳಿದಿರುವ ದೊಡ್ಡ ಅಪಾಯ ಆಕಾಶದಿಂದ ಬರುವಂಥದ್ದು. 2024ರ ಸೆಪ್ಟೆಂಬರ್ ಕೊನೆಯ ಮಳೆಯಲ್ಲಿ ಹಲವು ಸ್ಥಾವರಗಳು ಹಾನಿಗೊಂಡವು, ಅಪ್ಪರ್ ತಾಮಾಕೋಶಿ ತಿಂಗಳುಗಟ್ಟಲೆ ನಿಂತಿತು. 2025ರ ಜುಲೈ ಪ್ರವಾಹ ಗಡಿ ಸೇತುವೆಯ ಜೊತೆಗೆ 111 ಮೆಗಾವ್ಯಾಟಿನ ರಸುವಾಗಢಿ ಸ್ಥಾವರವನ್ನೂ ಹಾಳುಮಾಡಿತು, ಒಂದೇ ರಾತ್ರಿಯಲ್ಲಿ ಉತ್ತರದ ದಾರಿ ಮತ್ತು ದೇಶೀ ವಿದ್ಯುತ್ ಎರಡಕ್ಕೂ ಪೆಟ್ಟು. ಸ್ಥಾವರಗಳು ಒಂದೇ ನದಿಕಣಿವೆಯಲ್ಲಿ ಒಂದರ ಕೆಳಗೊಂದು ಇರುವುದರಿಂದ ಮೇಲಿನದಕ್ಕೆ ಬಿದ್ದ ಹೊಡೆತ ಕೆಳಗಿನವಕ್ಕೂ ಇಳಿಯುತ್ತದೆ. ಇದನ್ನು ತಡೆಯಲು ಬೇರೆ ಬೇರೆ ಕಣಿವೆಗಳಲ್ಲಿ ಹರಡಿದ ಸ್ಥಾವರಗಳು ಬೇಕು, ಒಂದಷ್ಟು ಸೌರ ವಿದ್ಯುತ್ ಬೇಕು, ಗಡಿಯಾಚೆಯ ನದಿಮಟ್ಟದ ಮಾಹಿತಿ ಗಂಟೆಗಟ್ಟಲೆ ಮುಂಚೆ ಕೈಸೇರಬೇಕು, ಚಳಿಗಾಲಕ್ಕೆ ಜಲಾಶಯಗಳು ಬೇಕು. ಸೇತಿ ನದಿಯ ಮೇಲೆ ಕಟ್ಟುತ್ತಿರುವ 140 ಮೆಗಾವ್ಯಾಟಿನ ತನಹು ಅಂಥ ಒಂದು. 1,200 ಮೆಗಾವ್ಯಾಟಿನ ಬೂಢಿ ಗಂಡಕಿ ಮಾತ್ರ ಗುತ್ತಿಗೆ ಯಾರಿಗೆ, ಹಣ ಎಲ್ಲಿಂದ ಎಂಬ ಪ್ರಶ್ನೆಗಳಲ್ಲಿ ಸರ್ಕಾರ ಬದಲಾದಂತೆಲ್ಲ ಹಿಂದೆ ಮುಂದೆ ಓಲಾಡುತ್ತಾ ಬಂದಿದೆ.